ಬಲಿ ಕೊಟ್ಟಿದ್ದಕ್ಕೆ ಸರ್ಟಿಫಿಕೇಟ್: ಕ್ರಿ.ಶ. 250ರಲ್ಲಿ ಕ್ರೈಸ್ತರ ಮುಂದೆ ಬಂದ ಪ್ರಶ್ನೆ

ಈ ಸಲದ ವಿಷಯ ರೋಮನ್ ಸಾಮ್ರಾಜ್ಯದ್ದು, ಸಾವಿರದ ಏಳುನೂರು ವರ್ಷಕ್ಕೂ ಹಳೆಯದು. ಆದರೆ ಅದು ನನ್ನ ತಲೆಗೆ ಹೊಕ್ಕಿದ್ದು ಪುಣೆಯ ಹಿಂಜವಡಿಯಲ್ಲಿ, ನಮ್ಮ ಆಫೀಸಿನ ಖಂಡೇನವಮಿಯ ದಿನ.

ಖಂಡೇನವಮಿ ಅಂದ್ರೆ ನಮ್ಮ ಆಯುಧಪೂಜೆ. ಲ್ಯಾಪ್‌ಟಾಪ್‌ಗಳಿಗೆಲ್ಲ ಕುಂಕುಮ ಇಟ್ಟು, ಚೆಂಡುಹೂವು ಹಾಕಿ, ಒಬ್ಬೊಬ್ಬರಾಗಿ ಕೈ ಮುಗಿದ್ವಿ. ನಮ್ಮ ಟೀಮಿನಲ್ಲಿ ಮಂಗಳೂರಿನ ಹುಡುಗ ಒಬ್ಬನಿದ್ದಾನೆ. ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತರಾಗಿರುವ ಮನೆತನ. ಬೆಳಿಗ್ಗೆಯಿಂದ ಮೇಜು ಸರಿಸಿ, ದೀಪದ ಸರ ಕಟ್ಟಿದ್ದು ಅವನೇ. ಪೂಜೆಯ ಹೊತ್ತಿಗೆ ಮಾತ್ರ ಬಾಗಿಲ ಹತ್ತಿರ ಹೋಗಿ ನಿಂತ. ನಾನು ಎಲ್ಲರ ಮುಂದೆ, "ಒಂದು ಹೂ ಹಾಕಿದ್ರೆ ನಿನ್ನ ದೇವರು ಸಿಟ್ಟಾಗ್ತಾನಾ?" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಕ್ಯಾಂಟೀನಿನಲ್ಲಿ ಮೆಲ್ಲಗೆ ಹೇಳಿದ: "ಸಿಟ್ಟಿನ ವಿಷಯ ಅಲ್ಲ ಮಾರಾಯ. ನಾನು ಹಾಕಿದ್ರೆ ಅದು ಸುಳ್ಳಾಗ್ತದೆ, ಅಷ್ಟೇ."

ಆ ಮಾತು ಬಿಡಲಿಲ್ಲ. ಅವತ್ತು ರಾತ್ರಿ ಓದೋಕೆ ಕೂತವನಿಗೆ ಸಿಕ್ಕಿದ್ದು ಒಬ್ಬ ಮುದುಕನ ಕಾಗದ.

ಮುದುಕನ ಹೆಸರು ಆರೇಲಿಯಸ್ ಡಯೋಜಿನಿಸ್. ಈಜಿಪ್ಟಿನ ಫಯ್ಯೂಮ್ ಪ್ರದೇಶದ ಹಳ್ಳಿಯವನು, ವಯಸ್ಸು 72. ಗುರುತು: ಬಲ ಹುಬ್ಬಿನ ಮೇಲೆ ಗಾಯದ ಕಲೆ. ಸರ್ಕಾರಿ ಅರ್ಜಿಗಳಲ್ಲಿ ನಾವು 'ಮಚ್ಚೆ, ಕಲೆ' ಅಂತ ತುಂಬುತ್ತಿದ್ದೆವಲ್ಲ, ಹಾಗೆಯೇ. ಕ್ರಿ.ಶ. 250ರ ಜೂನ್‌ನಲ್ಲಿ ಪ್ಯಾಪಿರಸ್ ಹಾಳೆಯ ಮೇಲೆ ಬರೆದ ಈ ಅರ್ಜಿಯ ಸಾರಾಂಶ ಇಷ್ಟು: ನಾನು ಮೊದಲಿನಿಂದಲೂ ದೇವತೆಗಳಿಗೆ ಬಲಿ ಅರ್ಪಿಸುತ್ತ ಬಂದವನು; ಈಗ ಆಜ್ಞೆಯಂತೆ ನಿಮ್ಮ ಕಣ್ಣೆದುರೇ ಅರ್ಪಿಸಿ, ಅದರಲ್ಲಿ ಸ್ವಲ್ಪ ತಿಂದಿದ್ದೇನೆ; ದೃಢೀಕರಿಸಿ ಸಹಿ ಹಾಕಿ. ಇಂಥ 45ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಮೊದಲನೆಯದು ಪ್ರಕಟವಾದದ್ದು 1893ರಲ್ಲಿ. ಹೆಚ್ಚಿನವು ಥಿಯಾಡೆಲ್ಫಿಯಾ ಎಂಬ ಒಂದೇ ಹಳ್ಳಿಯವು. ಎಲ್ಲದರ ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ. ಟೆಂಪ್ಲೇಟ್ ಅನ್ನೋದು ನಮ್ಮ ಕಾಲದ್ದಲ್ಲ ಬಿಡಿ.

ಇದರ ಹಿಂದೆ ಇದ್ದವನು ಚಕ್ರವರ್ತಿ ಡೀಸಿಯಸ್. 249ರಲ್ಲಿ ಫಿಲಿಪ್‌ನನ್ನು ಸೋಲಿಸಿ ಪಟ್ಟಕ್ಕೆ ಬಂದವನು. ಗಡಿಯಲ್ಲಿ ಗಾಥರ ಕಾಟ, ಒಳಗೆ ಸೇನಾಪತಿಗಳ ಕಿತ್ತಾಟ. ದೇವತೆಗಳ ಕೃಪೆ ಮರಳಿದರೆ ಸಾಮ್ರಾಜ್ಯ ಉಳಿಯುತ್ತದೆ ಎಂಬ ಲೆಕ್ಕದಲ್ಲಿ, ಎಲ್ಲರೂ ಬಲಿ ಅರ್ಪಿಸಬೇಕು ಅಂತ ಆಜ್ಞೆ ಹೊರಡಿಸಿದ. ಗುರಿ ಕ್ರೈಸ್ತರೊಬ್ಬರೇ ಅಂತ ಹೇಳೋಕೆ ಬರಲ್ಲ. ಮೊಸಳೆ ದೇವತೆ ಪೆಟೆಸೂಖೋಸ್‌ನ ಪೂಜಾರಿಣಿಯೇ ಇಂಥ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದಾಳೆ! ಅವಳಿಗೆ ಅದು ಕ್ಯೂನಲ್ಲಿ ನಿಲ್ಲುವ ಒಂದು ಕೆಲಸ, ಅಷ್ಟೆ. ಕ್ರೈಸ್ತರಿಗೆ ಹಾಗಲ್ಲ.

ಯಾಕೆ ಹಾಗಲ್ಲ? ಮೂರ್ತಿಪೂಜೆಯ ಮನೆಯಲ್ಲಿ ಬೆಳೆದ ನನಗೆ, ಕನ್ನಡ ಬೈಬಲಿನ 'ವಿಗ್ರಹಾರಾಧನೆ' ಎಂಬ ಪದ ಕೇಳಿದರೆ ಸ್ವಲ್ಪ ಚುಚ್ಚುತ್ತದೆ. ನಮ್ಮಮ್ಮನಿಗೆ ದೇವರಮನೆಯ ಕೃಷ್ಣ ಬರೀ ಹಿತ್ತಾಳೆ ಅಲ್ಲ. ಹಾಗಾಗಿ ಅವರ ಮಾತನ್ನು ಅವರ ಕಡೆಯಿಂದಲೇ ನೋಡಬೇಕು. ಹೊಸ ಒಡಂಬಡಿಕೆಯಲ್ಲಿ ಯೋಹಾನನ ಮೊದಲನೆಯ ಪತ್ರ ಅಂತ ಒಂದಿದೆ. ಅದರ ಕೊನೆಯ ಅಧ್ಯಾಯದ ತುಂಬ ಇರುವುದು ಭರವಸೆ: ನಂಬಿದವರಿಗೆ ನಿತ್ಯಜೀವ ಉಂಟು, ಅದರಲ್ಲಿ ಸಂಶಯ ಬೇಡ ಅಂತ. ಪತ್ರ ಮುಗಿಯುವುದು ಮಾತ್ರ ವಿಗ್ರಹಗಳ ಬಗ್ಗೆ ಒಂದು ಚಿಕ್ಕ ಎಚ್ಚರಿಕೆಯಿಂದ. ಮೊದಲು ಓದಿದಾಗ, ಇದೆಲ್ಲಿಂದ ಬಂತು ಅನ್ನಿಸಿತ್ತು. 250ರ ಕಥೆ ಓದಿದ ಮೇಲೆ ಎರಡೂ ಒಂದೇ ಅಂತ ಗೊತ್ತಾಯಿತು. ಭರವಸೆ ಒಬ್ಬನಲ್ಲೇ ಇಟ್ಟಿದ್ದೇನೆ ಅಂತ ಹೇಳುವವನು, ಜೀವ ಉಳಿಸಿಕೊಳ್ಳಲು ಇನ್ನೊಂದು ಕಡೆ ಕೈ ಮುಗಿದರೆ ಆ ಭರವಸೆಯೇ ಸುಳ್ಳಾಗುತ್ತದೆ.

ಇದು ಡೀಸಿಯಸ್‌ಗಿಂತ ಮೊದಲೇ ಅಧಿಕಾರಿಗಳಿಗೆ ಗೊತ್ತಿತ್ತು. ಸುಮಾರು 112ರಲ್ಲಿ ಬಿಥಿನಿಯಾದ ಗವರ್ನರ್ ಪ್ಲಿನಿ, ಆಪಾದಿತರ ಮುಂದೆ ಟ್ರೇಜನ್ ಚಕ್ರವರ್ತಿಯ ಪ್ರತಿಮೆ ಇರಿಸಿ ಧೂಪ, ದ್ರಾಕ್ಷಾರಸ ಅರ್ಪಿಸಲು ಹೇಳುತ್ತಿದ್ದ. ನಿಜವಾದ ಕ್ರೈಸ್ತರಿಂದ ಇದನ್ನು ಮಾಡಿಸಲಾಗದಂತೆ ಅಂತ ಟ್ರೇಜನ್‌ಗೆ ಬರೆದಿದ್ದಾನೆ. ಆದರೆ ಅವರನ್ನು ಹುಡುಕಿಕೊಂಡು ಹೋಗಬೇಡ ಅಂತ ಟ್ರೇಜನ್ ಉತ್ತರ ಕೊಟ್ಟ. ಡೀಸಿಯಸ್ ಕಾಲದಲ್ಲಿ ಹುಡುಕುವ ಅಗತ್ಯವೇ ಇರಲಿಲ್ಲ. ಕಾಗದ ಇಲ್ಲದವನು ತಾನಾಗಿಯೇ ಸಿಕ್ಕಿಬೀಳುತ್ತಿದ್ದ.

ಆಮೇಲೆ ಏನಾಯ್ತು? ರೋಮಿನ ಬಿಷಪ್ ಫೇಬಿಯನ್ 250ರ ಜನವರಿಯಲ್ಲೇ ಪ್ರಾಣ ಕೊಟ್ಟ. ದೊಡ್ಡ ವಿದ್ವಾಂಸ ಆರಿಜೆನ್ ಚಿತ್ರಹಿಂಸೆ ಅನುಭವಿಸಿಯೂ ಬಗ್ಗಲಿಲ್ಲ. ಸಾಮಾನ್ಯವಾಗಿ ನಾವು ಕೇಳುವುದು ಇಂಥ ಕಥೆಗಳನ್ನೇ. ಆದರೆ ಬಗ್ಗಿದವರು ಬಹಳ ಜನ. ಕೆಲವರು ಬಲಿ ಕೊಟ್ಟರು, ಕೆಲವರು ಒಂದು ಚಿಟಿಕೆ ಧೂಪ ಹಾಕಿದರು. ಇನ್ನು ಕೆಲವರು ಬುದ್ಧಿವಂತರು: ಅಧಿಕಾರಿಗೆ ಲಂಚ ಕೊಟ್ಟು, ಬಲಿ ಕೊಡದೆಯೇ ಸರ್ಟಿಫಿಕೇಟ್ ತಂದುಕೊಂಡರು. ವಿಗ್ರಹದ ಹತ್ತಿರವೂ ಹೋಗಿಲ್ಲ, ಕೈಯಲ್ಲಿ ಕಾಗದವೂ ಇದೆ. ಇದು ವಿಗ್ರಹಾರಾಧನೆಯೋ ಅಲ್ಲವೋ?

ಈ ಪ್ರಶ್ನೆ ಎದುರಾದದ್ದು ಕಾರ್ಥೇಜಿನ (ಈಗಿನ ಟುನೀಷಿಯಾ) ಬಿಷಪ್ ಸಿಪ್ರಿಯನ್‌ಗೆ. ಅವನೇನು ಕಟಕಟೆಗೆ ಹೋಗಿ ಎದೆ ಸೆಟೆಸಿ ನಿಂತವನಲ್ಲ. ತಲೆಮರೆಸಿಕೊಂಡು, ಅಡಗಿದ್ದಲ್ಲಿಂದಲೇ ಪತ್ರ ಬರೆದು ಸಭೆಯನ್ನು ನಡೆಸಿದವನು. ಅದಕ್ಕಾಗಿ ಬೈಸಿಕೊಂಡವನು ಕೂಡ. ಕಾಗದ ಕೊಂಡವರಿಗೆ ಅವನು ಹೇಳಿದ್ದರ ಸಾರ: ನೀನು ಮಾಡಿಲ್ಲದಿರಬಹುದು, ಆದರೆ ಮಾಡಿದ್ದೇನೆ ಅಂತ ಒಪ್ಪಿಕೊಂಡಿದ್ದೀಯ.

ಇದನ್ನು ಓದಿದಾಗ ನನಗೆ ನನ್ನದೇ ಒಂದು ಸಹಿ ನೆನಪಾಯಿತು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ರಿಲೀಸಿನ ಹಿಂದಿನ ರಾತ್ರಿ, 'ಎಲ್ಲ ಟೆಸ್ಟ್ ಆಗಿದೆ' ಎಂಬ ಚೆಕ್‌ಲಿಸ್ಟಿಗೆ ನಾನು ಟಿಕ್ ಹಾಕಿದ್ದೆ. ಆಗಿರಲಿಲ್ಲ. ಯಾರಿಗೂ ನಷ್ಟವಾಗಲಿಲ್ಲ, ಯಾರೂ ಕೇಳಲೂ ಇಲ್ಲ. ಆದರೂ ಇವತ್ತಿಗೂ ಆ ಟಿಕ್ ಕಣ್ಣ ಮುಂದೆ ಬರುತ್ತದೆ.

ಹಾಗಾದರೆ ಬಗ್ಗಿದವರ ಗತಿ? ರೋಮಿನಲ್ಲಿ ಸೆಲೆರಿನಸ್ ಅಂತ ಒಬ್ಬನಿದ್ದ. ಜೈಲು ಸೇರಿದರೂ ಗಟ್ಟಿಯಾಗಿ ನಿಂತವನು. ಆದರೆ ಅವನ ಸಹೋದರಿ ಬಗ್ಗಿಬಿಟ್ಟಿದ್ದಳು. ಅವಳಿಗಾಗಿ ಹಗಲೂ ರಾತ್ರಿ ಅಳುತ್ತಿದ್ದೇನೆ, ಅವಳನ್ನು ಕ್ಷಮಿಸಿ ಅಂತ ಅವನು ಕಾರ್ಥೇಜಿನ ಜೈಲಿನಲ್ಲಿದ್ದವರಿಗೆ ಬರೆದ ಪತ್ರ ಉಳಿದಿದೆ. ಜೈಲಿನಲ್ಲಿದ್ದವರು ಕ್ಷಮೆಯ ಶಿಫಾರಸು ಪತ್ರಗಳನ್ನು ಹಂಚತೊಡಗಿದರು, ಕೆಲವೊಮ್ಮೆ 'ಇವನಿಗೂ ಇವನ ಕಡೆಯವರಿಗೂ' ಅಂತ ಸಾರಾಸಗಟಾಗಿ! ಮತ್ತೆ ಕಾಗದ. ಸಿಪ್ರಿಯನ್ ತಡೆದ. ಆ ಕಡೆ ರೋಮಿನ ನೊವೇಶಿಯನ್, ಬಗ್ಗಿದವರನ್ನು ಸೇರಿಸಿಕೊಳ್ಳಲೇಬಾರದು ಅಂತ ಹಟ ಹಿಡಿದು 251ರಲ್ಲಿ ಪ್ರತ್ಯೇಕ ಬಿಷಪ್ಪೇ ಆಗಿಬಿಟ್ಟ.

ಅದೇ 251ರಲ್ಲಿ ಕಾರ್ಥೇಜಿನಲ್ಲಿ ಬಿಷಪ್ಪರು ಸೇರಿ ನಡುದಾರಿ ಹಿಡಿದರು. ಕಾಗದ ಕೊಂಡವರನ್ನು, ಒಬ್ಬೊಬ್ಬರ ವಿಷಯ ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರು ದೀರ್ಘ ಪಶ್ಚಾತ್ತಾಪದಲ್ಲಿರಬೇಕು, ಸಾವಿನ ಅಂಚಿನಲ್ಲಿ ಅವರಿಗೂ ಬಾಗಿಲು ತೆರೆಯುವುದು. ಮುಂದೆ ಇನ್ನೊಂದು ಕಿರುಕುಳದ ಸೂಚನೆ ಕಂಡಾಗ, ಪಶ್ಚಾತ್ತಾಪದಲ್ಲಿದ್ದ ಎಲ್ಲರನ್ನೂ ಒಳಗೆ ಕರೆದುಕೊಂಡರು. ಕಾರಣ ನೋಡಿ: ಮುಂದಿನ ಪರೀಕ್ಷೆಗೆ ಅವರನ್ನು ಬರಿಗೈಯಲ್ಲಿ ಕಳಿಸಬಾರದು ಅಂತ.

ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸಿದ್ದು ಇದೇ. ನಂಬಿಕೆಯ ಭರವಸೆ ಅಂದರೆ 'ನಾನು ಎಂದೂ ಬಗ್ಗಲ್ಲ' ಎಂಬ ಧೈರ್ಯ ಅಂದುಕೊಂಡಿದ್ದೆ. ಬಗ್ಗಿದವನೂ ಹಿಂದೆ ತಿರುಗಿ ಬರಬಹುದು, ಆದರೆ ಬಗ್ಗಿದ್ದನ್ನು ಬಗ್ಗಿದ್ದೇನೆ ಅಂತಲೇ ಒಪ್ಪಿಕೊಂಡು ಬರಬೇಕು ಅನ್ನುವುದು ಅದರ ಇನ್ನೊಂದು ಅರ್ಧ. ಅಡಗಿ ಕೂತಿದ್ದ ಸಿಪ್ರಿಯನ್‌ಗೂ ಎರಡನೇ ಅವಕಾಶ ಬಂತು. ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, 258ರ ಸೆಪ್ಟೆಂಬರ್ 14ರಂದು, ಬಲಿ ಕೊಡಲು ಒಲ್ಲೆ ಅಂದು ಕತ್ತಿಗೆ ಕೊರಳು ಕೊಟ್ಟ. ಡೀಸಿಯಸ್ ಅಷ್ಟರಲ್ಲಿ ಇರಲಿಲ್ಲ. 251ರಲ್ಲೇ ಗಾಥರ ಜೊತೆಗಿನ ಯುದ್ಧದಲ್ಲಿ ಸತ್ತಿದ್ದ.

ನಮ್ಮ ಆಫೀಸಿನ ಪೂಜೆ ಡೀಸಿಯಸ್‌ನ ಆಜ್ಞೆ ಅಲ್ಲ. ಯಾರೂ ಯಾರ ಸರ್ಟಿಫಿಕೇಟ್ ಕೇಳಲಿಲ್ಲ. ಆದರೆ ಇಪ್ಪತ್ತು ಜನ ನಗುವಾಗ ಒಬ್ಬನೇ ಬಾಗಿಲ ಹತ್ತಿರ ನಿಲ್ಲುವುದೂ ಸುಲಭ ಅಲ್ಲ, ಆ ನಗು ಎಬ್ಬಿಸಿದವನು ನಾನು. ಮರುದಿನ ಅವನ ಹತ್ತಿರ ಹೋಗಿ, "ತಪ್ಪಾಯ್ತು ಕಣೋ" ಅಂದೆ. "ಅಯ್ಯೋ, ಅದನ್ನು ಇನ್ನೂ ಇಟ್ಕೊಂಡಿದ್ದೀಯಾ ಮಾರಾಯ?" ಅಂದ. ಚೆಕ್‌ಲಿಸ್ಟಿನ ಕಥೆಯನ್ನೂ ಹೇಳಿದೆ. ಅದಕ್ಕೆ ಮಾತ್ರ ಅವನು ನಗಲಿಲ್ಲ.

ಈ ವರ್ಷವೂ ಹೂ ಹಾಕುವವನು ನಾನೇ, ದೀಪ ಕಟ್ಟುವವನು ಅವನೇ. ಬಾಗಿಲ ಹತ್ತಿರ ಇನ್ನೊಂದು ಕುರ್ಚಿ ಹಾಕಿಸಬೇಕು ಅಂದುಕೊಂಡಿದ್ದೇನೆ.