ಓದುಗ ಸಲಹಾ ತರಬೇತಿ

ಓದುಗರ ಅಭಿರುಚಿ ಅರಿತು ಪುಸ್ತಕ ಸೂಚಿಸಲು, ಹೊಸಬರನ್ನು ಓದಿನತ್ತ ಸೆಳೆಯಲು ಗ್ರಂಥಾಲಯ ಸಿಬ್ಬಂದಿಗೆ ಕೊಡುವ ತರಬೇತಿ. ಗ್ರಂಥಾಲಯ ಶಿಕ್ಷಣದಲ್ಲಿ ಇದಕ್ಕೆ ಬಹುಕಾಲ ಹಿಂದಿನ ಬೆಂಚೇ ಗತಿಯಾಗಿತ್ತು.

ವಿಚಾರ ಮಾತ್ರ ಹಳೆಯದು. ಅಮೆರಿಕದ ವುಸ್ಟರ್ ಊರಿನ ಗ್ರಂಥಪಾಲಕ ಸ್ಯಾಮ್ಯುಯೆಲ್ ಗ್ರೀನ್ 1876ರಲ್ಲೇ, ಸಿಬ್ಬಂದಿ ಓದುಗರೊಡನೆ ಬೆರೆಯಬೇಕೆಂದು ವಾದಿಸಿದ್ದರು. 1887ರಲ್ಲಿ ಮೆಲ್ವಿಲ್ ಡ್ಯೂಯಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಾಲಯ ಶಾಲೆ ತೆರೆದರು. ಮೊದಲ ತಂಡದ 20 ವಿದ್ಯಾರ್ಥಿಗಳಲ್ಲಿ 17 ಮಂದಿ ಮಹಿಳೆಯರು. ಇದರಿಂದ ಮುನಿದ ಆಡಳಿತ ಮಂಡಳಿ ಕೊಠಡಿ ಕೊಡಲಿಲ್ಲ. ಪ್ರಾರ್ಥನಾ ಮಂದಿರದ ಮೇಲಿನ ಉಗ್ರಾಣದಲ್ಲಿ ಪಾಠ ನಡೆಯಿತು. ಕ್ಯಾಟಲಾಗ್ ಕಾರ್ಡಿಗೆ ಒಪ್ಪುವ ಅಕ್ಷರ ಬರೆಯುವುದನ್ನೂ ಅಲ್ಲಿ ಕಲಿಸುತ್ತಿದ್ದರು.

1920ರ ದಶಕದಲ್ಲಿ ಅಮೆರಿಕದ ನಗರ ಗ್ರಂಥಾಲಯಗಳು ಓದುಗ ಸಲಹೆಗಾರರನ್ನು ನೇಮಿಸಿದವು. 1929ರಿಂದ ನ್ಯೂಯಾರ್ಕಿನಲ್ಲಿ ಜೆನ್ನಿ ಫ್ಲೆಕ್ಸ್ನರ್ ಒಬ್ಬೊಬ್ಬ ಓದುಗರನ್ನೂ ಕೂರಿಸಿಕೊಂಡು ಮಾತಾಡಿಸಿ, ಅವರವರಿಗೆ ತಕ್ಕ ಪಟ್ಟಿ ಮಾಡಿಕೊಡುತ್ತಿದ್ದರು. ಆಗಿನ ಗುರಿ ಮುಖ್ಯವಾಗಿ ಸ್ವಯಂಶಿಕ್ಷಣ. ಕಾದಂಬರಿ ಓದುವ ಖುಷಿಗೆ ಅಷ್ಟೇನೂ ಮರ್ಯಾದೆ ಇರಲಿಲ್ಲ.

ಭಾರತದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು ಕರೆಸಿದ ಅಮೆರಿಕದ ಗ್ರಂಥಪಾಲಕ ಬಾರ್ಡನ್, 1911ರಲ್ಲಿ ಬರೋಡಾದಲ್ಲಿ ತರಬೇತಿ ತರಗತಿ ಆರಂಭಿಸಿದರು. ಮದ್ರಾಸಿನಲ್ಲಿ ಎಸ್. ಆರ್. ರಂಗನಾಥನ್ 1929ರಲ್ಲಿ ಬೇಸಿಗೆ ಶಾಲೆ ನಡೆಸಿದರು. ಬರಿಯ ಕಾವಲುಗಾರಿಕೆ ಸಾಲದು, ಪ್ರತಿ ಪುಸ್ತಕಕ್ಕೂ ತಕ್ಕ ಓದುಗನನ್ನು ದೊರಕಿಸುವುದೂ ಗ್ರಂಥಾಲಯದ ಹೊಣೆ ಎಂದು ಅವರ 1931ರ ಪಂಚಸೂತ್ರಗಳು ಸಾರಿದವು. ಆದರೆ ಶಿಷ್ಯವರ್ಗ ಹೆಚ್ಚಾಗಿ ಹಿಡಿದುಕೊಂಡದ್ದು ಅವರ ವರ್ಗೀಕರಣವನ್ನೇ.

ಈಗಿನ ತರಬೇತಿಗೆ ರೂಪ ಬಂದದ್ದು ಜಾಯ್ಸ್ ಸ್ಯಾರಿಕ್ಸ್ ಮತ್ತು ನ್ಯಾನ್ಸಿ ಬ್ರೌನ್ 1989ರಲ್ಲಿ ಬರೆದ ಕೈಪಿಡಿಯಿಂದ. ಕತೆ ಯಾವುದರ ಬಗ್ಗೆ ಎನ್ನುವುದಕ್ಕಿಂತ ಅದರ ಓಟ, ಪಾತ್ರಗಳು, ಹಿನ್ನೆಲೆ ಓದುಗರನ್ನು ಹೇಗೆ ಹಿಡಿದವು ಎಂದು ವಿಚಾರಿಸಬೇಕೆನ್ನುವುದು ಅವರ ವಿಧಾನ. ‘ಕರ್ವಾಲೊ ಥರದ್ದೇ ಇನ್ನೊಂದು ಕೊಡಿ’ ಎಂದು ಒಬ್ಬರು ಕೇಳಿದರೆನ್ನಿ. ಅವರಿಗೆ ಹಿಡಿಸಿದ್ದು ಹಾರುವ ಓತಿಯ ಕುತೂಹಲವೋ, ಮಲೆನಾಡಿನ ಕಾಡೋ, ಮಂದಣ್ಣನ ಪಡಿಪಾಟಲೋ? ಕಾಡಾದರೆ, ಆ ಕಾದಂಬರಿ ಬರೆದ ತೇಜಸ್ವಿಯವರೇ ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ನರ ಬೇಟೆಯ ಕತೆಗಳನ್ನು ಕೊಡಬಹುದು; ಮಂದಣ್ಣನಾದರೆ ಬೇರೆ ಕಪಾಟಿಗೇ ಹೋಗಬೇಕು. ಈ ಪ್ರಶ್ನೆ ಕೇಳುವುದನ್ನು ಸಿಬ್ಬಂದಿ ತಮ್ಮತಮ್ಮಲ್ಲೇ ಆಡಿ ರೂಢಿಸಿಕೊಳ್ಳುತ್ತಾರೆ. ತಾವು ಓದದ ಪ್ರಕಾರಗಳನ್ನೂ ಓದಿ ಚರ್ಚಿಸುತ್ತಾರೆ.

ಇಂಗ್ಲೆಂಡಿನಲ್ಲಿ 1998ರಲ್ಲಿ ಶುರುವಾದ ‘ಬ್ರ್ಯಾಂಚಿಂಗ್ ಔಟ್’ ಯೋಜನೆ ಇದೇ ಕೆಲಸವನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಒಯ್ದಿತು.

ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ನಂತರ ಗ್ರಂಥಾಲಯಗಳ ಜಾಲ ಹರಡಿತು. 2020ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ ಆರಂಭಿಸಿದ ‘ಓದುವ ಬೆಳಕು’ ಕಾರ್ಯಕ್ರಮ ಹಳ್ಳಿಯ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಉಚಿತ ಸದಸ್ಯತ್ವ ಕೊಟ್ಟಿತು. ಪತ್ರಿಕೆ ಹರವಿಟ್ಟು ರಿಜಿಸ್ಟರ್ ಬರೆಯುತ್ತಿದ್ದ ಮೇಲ್ವಿಚಾರಕರ ಪಾಲಿಗೆ ಗಟ್ಟಿ ಓದು, ಕತೆ ಹೇಳುವುದು, ಮಕ್ಕಳನ್ನು ಮಾತಿಗೆಳೆಯುವುದು ಹೊಸ ಕೆಲಸಗಳಾಗಿ ಬಂದವು.