ಎರಡು ಸೈಡುಗಳ ಲೆಕ್ಕಾಚಾರ: ಹಾಡು ತುಂಬಿಸಿದ ಕ್ಯಾಸೆಟ್ಟಿನ ಚರಿತ್ರೆ

ಹಾಡುಗಳನ್ನು ಸಂದರ್ಭಾನುಸಾರ ವಿಂಗಡಿಸುವುದು ಕನ್ನಡನಾಡಿನಲ್ಲಿ ಹಳೆಯ ರೂಢಿ; ಹೆಣ್ಣುಮಕ್ಕಳು ತಮ್ಮ ಕೈಬರಹದ ಹಾಡಿನ ಪುಸ್ತಕಗಳಲ್ಲಿ ಉದಯರಾಗ, ಹಸೆಗೆ ಕರೆಯುವ ಹಾಡು, ಆರತಿ ಹಾಡು, ಲಾಲಿ ಎಂದು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳುತ್ತಿದ್ದರು ಮತ್ತು ಆ ಪುಸ್ತಕಗಳು ನೆಂಟರ ಮನೆಗಳಲ್ಲಿ ನಕಲಾಗುತ್ತ ಹರಡುತ್ತಿದ್ದವು. ಧ್ವನಿಮುದ್ರಿತ ಹಾಡಿನ ಮಟ್ಟಿಗೆ ಮಾತ್ರ ಹೀಗೆ ವಿಂಗಡಿಸಿ ಜೋಡಿಸುವ ಅಧಿಕಾರ ಗ್ರಾಮಫೋನ್ ಕಂಪನಿಗಳಿಗೂ ಬಾನುಲಿಗೂ ಸೇರಿತ್ತು. 1957ರಲ್ಲಿ ಆರಂಭವಾದ ವಿವಿಧ ಭಾರತಿಗೆ ಕೇಳುಗರು ಪತ್ರ ಬರೆದು ಮೆಚ್ಚಿನ ಹಾಡನ್ನು ಕೋರಬಹುದಾಗಿದ್ದರೂ, ಯಾವ ಹಾಡಿನ ಬೆನ್ನಿಗೆ ಯಾವುದು ಬರಬೇಕೆಂಬುದು ಅವರ ಕೈಯಲ್ಲಿರಲಿಲ್ಲ.

ಆ ಸ್ವಾತಂತ್ರ್ಯವನ್ನು ತಂದುಕೊಟ್ಟದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿಯ ಎಂಜಿನಿಯರ್ ಲೂ ಓಟೆನ್ಸ್ ಅವರ ತಂಡ ಬೆಲ್ಜಿಯಂನ ಹ್ಯಾಸೆಲ್ಟ್‌ನಲ್ಲಿ ರೂಪಿಸಿ, 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಮುಂದಿಟ್ಟ ಈ ಸಾಧನದಲ್ಲಿ, ನಾಲ್ಕು ಮಿಲಿಮೀಟರಿಗಿಂತಲೂ ಕಿರಿದಾದ ಟೇಪು ಎರಡು ಪುಟ್ಟ ಉರುಳೆಗಳ ನಡುವೆ ಸುತ್ತುತ್ತಿತ್ತು. ಸಿ-60 ಎಂದರೆ ಸೈಡಿಗೆ 30 ನಿಮಿಷ, ಸಿ-90 ಎಂದರೆ 45 ನಿಮಿಷ. ಮೂರೂವರೆ ನಾಲ್ಕು ನಿಮಿಷದ ಚಿತ್ರಗೀತೆಗಳಾದರೆ ಸಿ-60ರ ಒಂದು ಸೈಡಿನಲ್ಲಿ ಏಳೆಂಟು ಮಾತ್ರ ಹಿಡಿಯುತ್ತಿದ್ದುದರಿಂದ, ಲೆಕ್ಕ ತಪ್ಪಿದರೆ ಕೊನೆಯ ಹಾಡು ಚರಣದ ನಡುವೆಯೇ ಕತ್ತರಿಸಿಹೋಗುತ್ತಿತ್ತು. ಹೀಗೆ ಆಯ್ಕೆಯೆಂಬುದು ಬಿಡುವುದರ ಕಲೆಯೂ ಆಯಿತು.

ಸ್ನೇಹಿತರು ಒಂದೇ ವಿಷಯವನ್ನಿಟ್ಟುಕೊಂಡು ಕ್ಯಾಸೆಟ್ ತುಂಬಿಸಿ ಪರಸ್ಪರ ಬದಲಿಸಿಕೊಳ್ಳುವಾಗ ಈ ಕಲೆಯ ಸೂಕ್ಷ್ಮ ಹೊರಬೀಳುತ್ತದೆ. ಮಳೆ ಎಂಬ ವಿಷಯವನ್ನೇ ತೆಗೆದುಕೊಂಡರೆ, ಸಾಹಿತ್ಯದಲ್ಲಿ ಮಳೆಯ ಮಾತಿರುವ ಹಾಡನ್ನು ಒಬ್ಬರು ಹುಡುಕಬಹುದು; ಮುತ್ತುಸ್ವಾಮಿ ದೀಕ್ಷಿತರು ಹಾಡಿ ಮಳೆ ತರಿಸಿದರೆಂಬ ಐತಿಹ್ಯವುಳ್ಳ ಅಮೃತವರ್ಷಿಣಿ ರಾಗದ ಕೃತಿಯನ್ನು, ಆ ಐತಿಹ್ಯವನ್ನೇ ನೆಚ್ಚಿ, ಇನ್ನೊಬ್ಬರು ಸೇರಿಸಬಹುದು; ಮಳೆಯಲ್ಲಿ ಚಿತ್ರಿತವಾದ ದೃಶ್ಯದ ನೆನಪಿನಿಂದಷ್ಟೇ ಮತ್ತೊಬ್ಬರು ಒಂದು ಚಿತ್ರಗೀತೆಯನ್ನು ಆರಿಸಬಹುದು. ಮೂರೂ ಒಪ್ಪತಕ್ಕ ಆಯ್ಕೆಗಳೇ; ಆದರೆ ಎರಡನೆಯದು ಕೇಳುಗನ ತಿಳಿವಳಿಕೆಯನ್ನು ನಂಬಿ ಮಾಡಿದ್ದಾದ್ದರಿಂದ ಅದಕ್ಕೆ ಹೆಚ್ಚಿನ ಬೆಲೆ ಸಲ್ಲಬೇಕು.

ಕರ್ನಾಟಕದಲ್ಲಿ ಈ ಅಭಿರುಚಿಗೆ ಆಸರೆಯಾದದ್ದು ಪೇಟೆಗಳ ರೆಕಾರ್ಡಿಂಗ್ ಅಂಗಡಿ. ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸ್ವರಸಂಯೋಜನೆಯಲ್ಲಿ ಹೊರಬಂದು ಭಾವಗೀತೆಯ ಕ್ಯಾಸೆಟ್ಟುಗಳಿಗೆ ದಾರಿ ತೆರೆದಿದ್ದರೂ, ಸಿದ್ಧ ಕ್ಯಾಸೆಟ್ಟಿನ ಕ್ರಮಕ್ಕೆ ಒಗ್ಗದವರು ಕಾಗದದಲ್ಲಿ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ಟಿನೊಂದಿಗೆ ಅಂಗಡಿಗೆ ಕೊಡುತ್ತಿದ್ದರು. ಒಂದು ಸೈಡಿಗೆ ರಾಜ್‌ಕುಮಾರ್ ಹಾಡಿದ ಭಕ್ತಿಗೀತೆಗಳು, ಇನ್ನೊಂದಕ್ಕೆ ಪಿ.ಬಿ. ಶ್ರೀನಿವಾಸರ ಪ್ಯಾಥೋ ಹಾಡುಗಳು, ಅಂದರೆ ಶೋಕಗೀತೆಗಳು, ಎಂಬಂಥ ಬೇಡಿಕೆಗಳನ್ನು ಅಂಗಡಿಯವರು ತಮ್ಮಲ್ಲಿದ್ದ ಎಲ್‌ಪಿ ತಟ್ಟೆಗಳಿಂದಲೂ ಮೂಲ ಕ್ಯಾಸೆಟ್ಟುಗಳಿಂದಲೂ ಪೂರೈಸುತ್ತಿದ್ದರು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅನುಮತಿಯಿಲ್ಲದ ಇಂಥ ನಕಲು ಅಪರಾಧವೇ ಆಗಿತ್ತು ಮತ್ತು ಅದರ ನಷ್ಟ ಕವಿ, ಗಾಯಕರಿಗೂ ತಟ್ಟುತ್ತಿತ್ತೆಂಬುದನ್ನು ಮರೆಯಲಾಗದು. ಪಶ್ಚಿಮ ಜರ್ಮನಿ 1965ರಲ್ಲೇ ಧ್ವನಿಮುದ್ರಣ ಯಂತ್ರಗಳ ಮೇಲೆ ಶುಲ್ಕ ವಿಧಿಸಿ, ಆ ಹಣವನ್ನು ಹಕ್ಕುದಾರರಿಗೆ ಹಂಚುವ ನ್ಯಾಯೋಚಿತ ಮಾರ್ಗ ಹಿಡಿದಿತ್ತು.

ಮುಂದೆ ಒಂದೇ ಸಿ.ಡಿ.ಯಲ್ಲಿ ಎಂಪಿ3 ರೂಪದ 150ರಷ್ಟು ಹಾಡುಗಳು ಹಿಡಿಯತೊಡಗಿದಾಗ ಸೈಡಿನ ಲೆಕ್ಕಾಚಾರವೇ ಅನಗತ್ಯವಾಯಿತು. ಉಳಿದ ಅಂಗಡಿಗಳು ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವ ಕೆಲಸಕ್ಕೆ ಹೊರಳಿದವು, ಮತ್ತು ಗಿರಾಕಿ ಪಟ್ಟಿ ಬರೆಯುವ ಬದಲು ಎಷ್ಟು ಜಿಬಿ ಬೇಕೆಂದು ಹೇಳತೊಡಗಿದ.