ಹೊಂಗೆ ದೀಪದಿಂದ ಸೈನೈಡ್ ದಿಬ್ಬದವರೆಗೆ

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮನೆಯೆದುರು ಒಂದು ಹೊಂಗೆ ಮರವಿದೆ. ಉದುರಿದ ಅದರ ಕಾಯಿಗಳೆಲ್ಲ ಕಸದ ಗಾಡಿಗೆ ಹೋಗುತ್ತವೆ. ಇದೇ ಕಾಯಿಯ ಎಣ್ಣೆಯಲ್ಲಿ ತಮ್ಮೂರಿನ ದೀಪ ಉರಿಯುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದಳು. ಮೊನ್ನೆ ಕಮಲಾಪುರದ ಕೆಂಪು ಬಾಳೆಯ ತೋಟ ನೋಡಿ ಮರಳುವಾಗ ಒಂದು ಪ್ರಶ್ನೆ ಕಾಡಿತು: ಒಳ್ಳೆಯ ಮಣ್ಣು ಅನ್ನ ಬೆಳೆಯಲಿ, ಸರಿ, ವಿಷ ಸೇರಿದ ಮಣ್ಣಿನಲ್ಲಿ ಏನು ಬೆಳೆಯಬೇಕು?

ಉರುವಲಿನ ಬೆಳೆ ಎಂಬುದು ಒಂದು ಉತ್ತರ. ಇದರ ಇತಿಹಾಸವೂ ಹಳೆಯದೇ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಓಡಿದ್ದು ಶೇಂಗಾ ಎಣ್ಣೆಯಿಂದ. ಸುಮಾರು ನೂರು ವರ್ಷಗಳ ನಂತರ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ತೋರಿಸಿದರು. 2009ರಲ್ಲಿ ಕರ್ನಾಟಕವೂ ಕೇಂದ್ರವೂ ಜೈವಿಕ ಇಂಧನ ನೀತಿ ತಂದವು. 2017ರೊಳಗೆ ಶೇ. 20ರಷ್ಟು ಬೆರಕೆ ಎಂಬುದು ಕೇಂದ್ರದ ಗುರಿ. ಬಯೋಡೀಸೆಲ್ ಅದರ ಹತ್ತಿರವೂ ಹೋಗಲಿಲ್ಲ.

ಆ ನೀತಿಗಳು ನೆಚ್ಚಿಕೊಂಡಿದ್ದು 'ಪಾಳು ಭೂಮಿ'ಯನ್ನು. ಆದರೆ ಕಡತದಲ್ಲಿ ಪಾಳು ಎನಿಸಿದ್ದು ಊರಲ್ಲಿ ಗೋಮಾಳವಾಗಿರುತ್ತದೆ, ಕುರಿಗಾಹಿಯ ದಾರಿಯಾಗಿರುತ್ತದೆ. ನಿಜಕ್ಕೂ ಅನ್ನಕ್ಕೆ ಒದಗದ ನೆಲ ಬೇರೆಯೇ ಇದೆ.

ಕೋಲಾರದ ಚಿನ್ನದ ಗಣಿಯನ್ನು ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದಿರಿನಿಂದ ಚಿನ್ನ ಬಿಡಿಸಲು ಸೈನೈಡ್ ಬಳಸಿದ ಮೇಲೆ ಉಳಿದ ಹುಡಿ ದಿಬ್ಬದಿಂದ ದಿಬ್ಬಕ್ಕೆ ಬೆಳೆದು, ಸುಮಾರು 3.3 ಕೋಟಿ ಟನ್ ಆಗಿ ನಿಂತಿದೆ. ಗಾಳಿ ಬೀಸಿದರೆ ಅದರ ಧೂಳು ಮನೆಯೊಳಗೆ ಬರುತ್ತದೆ. ಅಲ್ಲಿ ಯಾರೂ ಜೋಳ ಬಿತ್ತಲಾರರು. ಬೇರು ಬಿಡುವ ಮರವೊಂದು ನಿಂತರೆ ಧೂಳಾದರೂ ತಗ್ಗೀತು.

ಬೆಲ್ಜಿಯಂನ ಕಾಂಪಿನ್ ಪ್ರದೇಶದಲ್ಲಿ ಸತುವಿನ ಕಾರ್ಖಾನೆಗಳು ಹೊಲಗಳಿಗೆ ಕ್ಯಾಡ್ಮಿಯಂ ಉಗುಳಿದ್ದವು. ವಿಜ್ಞಾನಿಗಳು ಅಲ್ಲಿ ವಿಲ್ಲೋ, ಮೆಕ್ಕೆಜೋಳ, ರೇಪ್ ಗಿಡಗಳನ್ನು ಇಂಧನಕ್ಕಾಗಿ ಬೆಳೆದು ಪರೀಕ್ಷಿಸಿದರು. ಗಿಡಗಳು ಲೋಹ ಹೀರಿ ಮಣ್ಣು ಶುದ್ಧವಾಗಲು ದಶಕಗಳೇ ಬೇಕು. ಅಲ್ಲಿಯವರೆಗೆ ರೈತನಿಗೊಂದು ಆದಾಯವಿರಲಿ ಎಂಬುದೇ ಅವರ ಲೆಕ್ಕ.

ಒಂದು ಎಚ್ಚರ ಬೇಕು. ಲೋಹ ಬೆಂಕಿಯಲ್ಲಿ ಇಲ್ಲವಾಗುವುದಿಲ್ಲ. ಬೂದಿಗೋ ಹೊಗೆಗೋ ಸೇರುತ್ತದೆ. ಎಣ್ಣೆ ತೆಗೆದ ಹೊಂಗೆ ಹಿಂಡಿ ನಮ್ಮಲ್ಲಿ ಗೊಬ್ಬರ. ಕೆಟ್ಟ ಮಣ್ಣಿನ ಹಿಂಡಿಯನ್ನು ತೊಗರಿ ಹೊಲಕ್ಕೆ ಹಾಕಿದರೆ, ಬಾಗಿಲಿಂದ ಕಳಿಸಿದ ವಿಷವನ್ನು ಕಿಟಕಿಯಿಂದ ಕರೆದಂತೆ.

2024ರಲ್ಲಿ ಕೋಲಾರದ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು ರಾಜ್ಯ ಸಂಪುಟ ಒಪ್ಪಿತು. ಚಿನ್ನ ತೆಗೆದ ಮೇಲೂ ಹುಡಿ ಉಳಿಯುತ್ತದೆ. ಅದರ ಮೇಲೆ ಏನು ನೆಡಬೇಕೆಂದು ಈ ಸಲವಾದರೂ ಮೊದಲೇ ಯೋಚಿಸಬೇಕು. ಈ ವರ್ಷ ನಾನು ಮನೆಯೆದುರಿನ ಹೊಂಗೆ ಕಾಯಿಗಳನ್ನು ಕಸಕ್ಕೆ ಹಾಕದೆ ಒಂದು ಚೀಲದಲ್ಲಿ ತುಂಬಿಟ್ಟಿದ್ದೇನೆ.